ನಾಣ್ಯಯಂತ್ರದಿಂದ ಮನೆಯ ಗಣಕಕ್ಕೆ: ಆಟಗಳ ರೂಪಾಂತರವನ್ನು ಕುರಿತು ಕೆಲವು ವಿಚಾರಗಳು

ಬೌರಿಂಗ್‌ಪೇಟೆ ಎಂಬ ಹೆಸರನ್ನು ಹಿಂದೆ ಹೊತ್ತಿದ್ದ ಬಂಗಾರಪೇಟೆಯ ರೈಲುನಿಲ್ದಾಣವು ಬಹುಕಾಲದವರೆಗೆ ಎರಡು ಅಳತೆಯ ಹಳಿಗಳು ಸಂಧಿಸುವ ತಾಣವಾಗಿತ್ತು. ಮದರಾಸು ಬೆಂಗಳೂರುಗಳ ನಡುವಣ ದಾರಿಯೂ 1894ರಲ್ಲಿ ಮಾರಿಕುಪ್ಪಂವರೆಗೆ ತೆರೆದ ಗಣಿಯ ದಾರಿಯೂ 5 ಅಡಿ 6 ಅಂಗುಲ ಅಗಲದವು. 1913ರಲ್ಲಿ ಕೋಲಾರದ ಕಡೆಗೆ ತೆರೆದ ದಾರಿಯಾದರೋ ಕೇವಲ 2 ಅಡಿ 6 ಅಂಗುಲದ್ದು. ದೊಡ್ಡ ಗಾಡಿ ಚಿಕ್ಕ ಹಳಿಯ ಮೇಲೆ ಹೋಗಲಾರದು. ಆದಕಾರಣ ಪ್ರಯಾಣಿಕರು ಇಳಿದು ಗಾಡಿ ಬದಲಾಯಿಸಬೇಕಾಗಿತ್ತು. ಸರಕನ್ನು ಇಳಿಸಿ, ಬಿಡಿಬಿಡಿಯಾಗಿ ವಿಂಗಡಿಸಿ, ಚಿಕ್ಕ ಗಾಡಿಯ ಅಂಕಣಕ್ಕೆ ಒಗ್ಗುವಂತೆ ಮತ್ತೆ ತುಂಬಬೇಕಾಗಿತ್ತು. ಹಳಿಗಳೆಲ್ಲವೂ ಈಗ ಒಂದೇ ಅಳತೆಯವಾಗಿವೆ. ಚಿಕ್ಕಬಳ್ಳಾಪುರದವರೆಗಿನ ಕೆಲಸ 2013ರಲ್ಲಿ ಮುಗಿಯಿತು. ಆದರೆ ನಾವು ಈ ಲೇಖನದಲ್ಲಿ ವಿವರಿಸಹೊರಟಿರುವ ವಿಷಯಕ್ಕೆ ಆ ಹಳೆಯ ಪ್ಲಾಟ್‌ಫಾರಮ್ಮಿಗಿಂತ ತಕ್ಕ ಉಪಮಾನ ನಮಗೆ ತೋರಲಿಲ್ಲ.

ವಿಷಯವು ಇದು: 1980ರ ದಶಕದಲ್ಲಿ ಬ್ರಿಟನ್ನಿನ ಮನೆಮನೆಗಳಲ್ಲಿ ಬಳಕೆಗೆ ಬಂದ ಚಿಕ್ಕ ಗಣಕಗಳಿಗೆ, ಆರ್ಕೇಡ್ ಎಂದು ಕರೆಯಲ್ಪಡುವ ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ದೊಡ್ಡ ಯಂತ್ರಗಳ ಆಟಗಳನ್ನು ಇಳಿಸಿದ ಬಗೆ. ಸಂಶೋಧನ ಪತ್ರಿಕೆಯಲ್ಲಿ ಆಟದ ಮಾತೇಕೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ಒಂದು ಯಂತ್ರಕ್ಕಾಗಿ ಹುಟ್ಟಿದ ಕೃತಿಯನ್ನು ಅದಕ್ಕಿಂತ ಬಡವಾದ ಇನ್ನೊಂದು ಯಂತ್ರದಲ್ಲಿ ಮರಳಿ ಕಟ್ಟುವುದೆಂದರೆ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆಯು ಆಟದ್ದು ಮಾತ್ರವಲ್ಲ. ವ್ಯಾಸರ ಭಾರತವನ್ನು ಕನ್ನಡಕ್ಕೆ ತಂದ ಪಂಪನ ಮುಂದೆಯೂ ಅದೇ ಪ್ರಶ್ನೆಯಿತ್ತು. ಗಣಕದಲ್ಲಿ ಈ ಪ್ರಶ್ನೆಯನ್ನು ಬೈಟುಗಳಲ್ಲಿ ಎಣಿಸಿ ತೋರಿಸಬಹುದು ಎಂಬುದೊಂದೇ ಹೆಚ್ಚಿನ ಅನುಕೂಲ.

ಈ ಗಣಕಗಳು ನಮ್ಮ ನಾಡಿಗೆ ಪೂರ್ತಿ ಅಪರಿಚಿತವೂ ಅಲ್ಲ. ಬ್ರಿಟನ್ನಿನಲ್ಲಿ ಬಿಬಿಸಿಯ ಗಣಕಶಿಕ್ಷಣ ಯೋಜನೆಗಾಗಿ ಏಕಾರ್ನ್ ಸಂಸ್ಥೆಯು 1981ರ ಕೊನೆಯಲ್ಲಿ ಹೊರತಂದ ಬಿಬಿಸಿ ಮೈಕ್ರೊ ಎಂಬ ಯಂತ್ರವನ್ನೇ ಭಾರತ ಸರ್ಕಾರವು 1984-85ರಲ್ಲಿ ಆರಂಭಿಸಿದ 'ಕ್ಲಾಸ್' ಎಂಬ ಶಾಲಾಯೋಜನೆಗೆ ಆರಿಸಿಕೊಂಡು, ದೇಶದ ಸುಮಾರು 250 ಶಾಲೆಗಳಿಗೆ ಹಂಚಿತು. ಮುಂದೆ ಚಂಡೀಗಢದ ಬಳಿಯ ಸರ್ಕಾರೀ ಕಾರ್ಖಾನೆಯಾದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು 'ಯೂನಿಕಾರ್ನ್' ಎಂಬ ಹೆಸರಿನಿಂದ ಇಲ್ಲಿಯೇ ತಯಾರಿಸಿತು. ಕ್ಲೈವ್ ಸಿಂಕ್ಲೇರರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಇನ್ನೂ ಅಗ್ಗದ ಯಂತ್ರವನ್ನು ಪುಣೆಯ ಡೆಸಿಬೆಲ್ಸ್ ಸಂಸ್ಥೆ ಅದೇ ದಶಕದ ಉತ್ತರಾರ್ಧದಲ್ಲಿ 'ಡಿಬಿ ಸ್ಪೆಕ್ಟ್ರಮ್' ಎಂದು ಮಾರಿತು. ಹೀಗೆ ಆ ಕಾಲದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮೂಲಯಂತ್ರವನ್ನು ಎಂದೂ ಕಾಣದೆ ಅದರ ರೂಪಾಂತರವನ್ನು ಮಾತ್ರ ಕಂಡವರು. ರೂಪಾಂತರವೇ ಅವರ ಪಾಲಿಗೆ ಮೂಲ. ಷೇಕ್ಸ್‌ಪಿಯರನನ್ನು ಕನ್ನಡದ ರಂಗದ ಮೇಲೆ ಮಾತ್ರ ಬಲ್ಲ ಪ್ರೇಕ್ಷಕನ ಸ್ಥಿತಿಯೂ ಇದೇ ಅಲ್ಲವೆ?

ಕಳೆದ ಕೆಲವು ವರ್ಷಗಳಿಂದ ನಮ್ಮ ತರಗತಿಗಳಲ್ಲಿ ನಾಣ್ಯಯಂತ್ರದ ತೆರೆಯ ಚಿತ್ರವನ್ನೂ ಅದೇ ಆಟದ ಸ್ಪೆಕ್ಟ್ರಮ್ ರೂಪದ ಚಿತ್ರವನ್ನೂ ಅಕ್ಕಪಕ್ಕದಲ್ಲಿ ತೋರಿಸುತ್ತ ಬಂದಿದ್ದೇವೆ. ಎರಡನೆಯದನ್ನು ಬರೆದವರು ಕೈಲಾಗದವರೆಂದೇ ವಿದ್ಯಾರ್ಥಿಗಳು ತೀರ್ಪು ಕೊಡುತ್ತಾರೆ. ಆಗ ಅವರ ಕೈಗೆ ಪೆನ್ಸಿಲು ಕೊಟ್ಟು ಲೆಕ್ಕ ಹಾಕಿರೆಂದು ಹೇಳುತ್ತೇವೆ. ಆ ಲೆಕ್ಕವನ್ನೇ ಇಲ್ಲಿಯೂ ಹಾಕೋಣ.

1980ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆ ಹೊರತಂದ ಪ್ಯಾಕ್‌ಮ್ಯಾನ್ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಅದರ ಪೆಟ್ಟಿಗೆಯೊಳಗೆ ಇದ್ದ ಸಂಸ್ಕಾರಕ ಝಡ್80. ಅದರ ವೇಗ ಸೆಕೆಂಡಿಗೆ 30 ಲಕ್ಷದ 72 ಸಾವಿರ ಮಿಡಿತಗಳು. 1982ರ ಸ್ಪೆಕ್ಟ್ರಮ್ಮಿನೊಳಗೂ ಅದೇ ಜಾತಿಯ ಸಂಸ್ಕಾರಕವಿತ್ತು. ವೇಗ ಸೆಕೆಂಡಿಗೆ 35 ಲಕ್ಷ ಮಿಡಿತಗಳು. ಎಂದರೆ ಮನೆಯ ಅಗ್ಗದ ಯಂತ್ರದ ಮಿದುಳು ಅಂಗಡಿಯ ದುಬಾರಿ ಯಂತ್ರದ ಮಿದುಳಿಗಿಂತ ತುಸು ಚುರುಕಾದುದೇ ಹೊರತು ಮಂದವಾದುದಲ್ಲ! ಹಾಗಾದರೆ ಬಡತನವೆಲ್ಲಿ? ಅದು ಕೈಗಳಲ್ಲಿ. ನಾಣ್ಯಯಂತ್ರದಲ್ಲಿ ಚಿತ್ರ ಬರೆಯುವುದಕ್ಕೆಂದೇ ಪ್ರತ್ಯೇಕ ಮಂಡಲಗಳಿದ್ದುವು. ಓಡುವ ಭೂತವನ್ನು ಸರಿಸಬೇಕಾದರೆ ಸಂಸ್ಕಾರಕವು ಅದರ ಸ್ಥಾನವನ್ನು ಸೂಚಿಸುವ ಎರಡು ಅಂಕಿಗಳನ್ನು ಬದಲಾಯಿಸಿದರೆ ಸಾಕು. ಹಿನ್ನೆಲೆಯನ್ನು ಕೆಡಿಸದೆ ಆಕೃತಿಯನ್ನು ಮೂಡಿಸುವ ಹೊಣೆ ಆ ಮಂಡಲಗಳದು. ಯಜಮಾನ ಕುಳಿತಲ್ಲಿಂದಲೇ ಆಜ್ಞೆ ಕೊಡುತ್ತಿದ್ದನು, ಆಳುಗಳು ದುಡಿಯುತ್ತಿದ್ದರು.

ಸ್ಪೆಕ್ಟ್ರಮ್ಮಿನಲ್ಲಿ ಆಳುಗಳಿಲ್ಲ. ಹದಿನಾರು ಚುಕ್ಕೆ ಅಗಲ, ಹದಿನಾರು ಚುಕ್ಕೆ ಎತ್ತರದ ಒಂದು ಆಕೃತಿಗೆ 32 ಬೈಟುಗಳು ಬೇಕು. ಅದು ಬೈಟಿನ ಗಡಿಯನ್ನು ದಾಟಿ ಒಂದೆರಡು ಚುಕ್ಕೆ ಸರಿದಿದ್ದರೆ 48. ಮೊದಲು ಹಳೆಯ ಆಕೃತಿಯನ್ನು ಅಳಿಸಿ ಅದರ ಹಿಂದಿದ್ದ ಚಿತ್ರವನ್ನು ತುಂಬಬೇಕು. ಹೊಸ ಜಾಗದ ಹಿನ್ನೆಲೆಯನ್ನು ಎತ್ತಿಟ್ಟುಕೊಳ್ಳಬೇಕು. ಬಳಿಕ ಆಕೃತಿಯನ್ನು ಬರೆಯಬೇಕು. ಇಂಥವು ಐದು. ಇವೆಲ್ಲವೂ ದೂರದರ್ಶನದ ಕಿರಣವು ತೆರೆಯನ್ನು ಮುಂದಿನ ಬಾರಿ ಗುಡಿಸಿಕೊಂಡು ಬರುವುದರೊಳಗೆ, ಎಂದರೆ ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ, ಮುಗಿಯದಿದ್ದರೆ ಚಿತ್ರ ಮಿಣುಕುತ್ತದೆ.

ಇದರ ಮೇಲೆ ಬಣ್ಣದ ತೊಡಕು. ಸ್ಪೆಕ್ಟ್ರಮ್ಮಿನ ತೆರೆಯು 256 ಚುಕ್ಕೆ ಅಗಲ, 192 ಚುಕ್ಕೆ ಎತ್ತರ. ಚುಕ್ಕೆಗಳಿಗೆ 6144 ಬೈಟು. ಬಣ್ಣಗಳಿಗಾದರೋ ಬರಿಯ 768 ಬೈಟು. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದೊಂದು ಚೌಕಕ್ಕೆ ಎರಡೇ ಬಣ್ಣಗಳೆಂಬ ಕಟ್ಟು ಹೀಗೆ ಬಂದಿತು. ಸ್ಮೃತಿಕೋಶವು ದುಬಾರಿಯಾಗಿದ್ದ ಕಾಲದಲ್ಲಿ ಇದೊಂದು ಜಾಣತನವೇ. 16 ಸಾವಿರ ಬೈಟಿನ ಯಂತ್ರವನ್ನು 125 ಪೌಂಡಿಗೆ, 48 ಸಾವಿರದ್ದನ್ನು 175 ಪೌಂಡಿಗೆ ಮಾರಲು ಸಾಧ್ಯವಾದುದರಲ್ಲಿ ಇಂಥ ಮಿತವ್ಯಯಕ್ಕೂ ಪಾಲುಂಟು. ಆದರೆ ಕೆಂಪು ಭೂತವು ನೀಲಿ ಗೋಡೆಯ ಪಕ್ಕದಲ್ಲಿ ಹಾಯುವಾಗ ಗೋಡೆಯ ತುಣುಕೂ ಕೆಂಪಾಗುತ್ತಿತ್ತು. ಇನ್ನು ಪ್ಯಾಕ್‌ಮ್ಯಾನಿನ ಮೂಲ ತೆರೆ ನಿಲುವಾದುದು, 224 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. ಮನೆಯ ದೂರದರ್ಶನವೋ ಅಡ್ಡಲಾದುದು. 288ನ್ನು 192ರಲ್ಲಿ ಕೂರಿಸಬೇಕಾದರೆ ಮೂರರಲ್ಲೊಂದು ಪಾಲನ್ನು ಎಲ್ಲಿಯಾದರೂ ಕಳೆಯಲೇಬೇಕು. ಚಕ್ರವ್ಯೂಹವನ್ನು ಕುಗ್ಗಿಸಿದರೆ ದಾರಿಗಳು ಇಕ್ಕಟ್ಟಾಗುತ್ತವೆ. ಕೆಲವು ದಾರಿಗಳನ್ನೇ ತೆಗೆದುಬಿಟ್ಟರೆ ಆಟಗಾರನು ಅಭ್ಯಾಸದಿಂದ ಕಲಿತ ತಿರುವುಗಳು ನಿರುಪಯೋಗವಾಗುತ್ತವೆ.

ತೆರೆಯೆಲ್ಲ ಒಟ್ಟಾಗಿ ಪಕ್ಕಕ್ಕೆ ಸರಿಯುವ ಆಟಗಳಲ್ಲಿ ಕಷ್ಟವು ಇನ್ನೂ ಹೆಚ್ಚು. ಝಡ್80ರ ಆಜ್ಞೆಗಳಲ್ಲಿ ಬೈಟುಗಳನ್ನು ಸಾಲಾಗಿ ಸಾಗಿಸಲೆಂದೇ ಎಲ್‌ಡಿಐಆರ್ ಎಂಬುದೊಂದುಂಟು. ಒಂದು ಬೈಟಿಗೆ ಅದು 21 ಮಿಡಿತಗಳನ್ನು ತೆಗೆದುಕೊಳ್ಳುತ್ತದೆ. 6144 ಬೈಟುಗಳಿಗೆ 1,29,024 ಮಿಡಿತಗಳಾದುವು. ಆದರೆ ಸ್ಪೆಕ್ಟ್ರಮ್ಮಿನ ತೆರೆಯ ಒಂದು ಆವರ್ತಕ್ಕೆ ದೊರೆಯುವುದು 69,888 ಮಿಡಿತಗಳು ಮಾತ್ರ. ಅಂದಮೇಲೆ ಬೇರೇನನ್ನೂ ಮಾಡದೆ, ಶತ್ರುವನ್ನು ಚಲಿಸದೆ, ಗುಂಡನ್ನು ಹಾರಿಸದೆ, ತೆರೆಯನ್ನು ಒಮ್ಮೆ ಸರಿಸುವಷ್ಟರಲ್ಲಿಯೇ ಎರಡು ಆವರ್ತಗಳು ಹತ್ತಿರಹತ್ತಿರ ಕಳೆದುಹೋಗುತ್ತವೆ. ಇದಕ್ಕೆ ಅಂದಿನವರು ಕಂಡುಕೊಂಡ ಉಪಾಯವು ಚಮತ್ಕಾರದ್ದು. ಲೆಕ್ಕಗಳನ್ನು ತಾತ್ಕಾಲಿಕವಾಗಿ ಪೇರಿಸಿಡಲು ಇರುವ 'ಸ್ಟ್ಯಾಕ್' ಎಂಬ ವ್ಯವಸ್ಥೆಯನ್ನು ತೆರೆಯ ಮೇಲೆಯೇ ತಿರುಗಿಸಿ, ಒಂದೆಡೆಯಿಂದ ಎರಡು ಬೈಟುಗಳನ್ನು 10 ಮಿಡಿತಗಳಲ್ಲಿ ಎತ್ತಿ, ಇನ್ನೊಂದೆಡೆಗೆ 11 ಮಿಡಿತಗಳಲ್ಲಿ ಹಾಕುವುದು. ಬೈಟಿಗೆ ಹತ್ತೂವರೆ ಮಿಡಿತಗಳಂತೆ ಖರ್ಚು ಅರ್ಧಕ್ಕೆ ಇಳಿಯಿತು. ಆದರೂ ಒಟ್ಟು 64,512. ಉಳಿದುದು ಐದು ಸಾವಿರದಷ್ಟು ಮಿಡಿತಗಳು. ಆಟದ ಕಿಟಕಿಯನ್ನು ಚಿಕ್ಕದು ಮಾಡಿ ಸುತ್ತಲೂ ಅಂಕಗಳ ಪಟ್ಟಿಯನ್ನೋ ಅಲಂಕಾರದ ಚೌಕಟ್ಟನ್ನೋ ಕೂರಿಸುತ್ತಿದ್ದುದಕ್ಕೆ ಇದೇ ಕಾರಣ. ಕಂಡವರಿಗೆ ಅದು ಶೃಂಗಾರ, ಬರೆದವರಿಗೆ ಅದು ಉಳಿತಾಯ.

ಬಿಬಿಸಿ ಮೈಕ್ರೊವಿನ ತೊಡಕು ಬೇರೆ ಬಗೆಯದು. ಅದರ 6502 ಸಂಸ್ಕಾರಕವು ಬಹಳ ಚುರುಕು. ತೆರೆಯ ಆರಂಭಸ್ಥಾನವನ್ನು ಸೂಚಿಸುವ ಅಂಕಿಯನ್ನು ಬದಲಾಯಿಸಿ ಇಡಿಯ ಚಿತ್ರವನ್ನು ಸರಿಸುವ ಸೌಕರ್ಯವೂ ಅದರಲ್ಲಿತ್ತು. ಆದರೆ ಎಂಟು ಬಣ್ಣಗಳನ್ನೂ ಕೊಡುವ ತೆರೆಯೊಂದೇ 20 ಕಿಲೊಬೈಟುಗಳನ್ನು ನುಂಗುತ್ತಿತ್ತು. ಒಟ್ಟು ಇದ್ದುದು 32. ಯಂತ್ರದ ಸ್ವಂತ ಬಳಕೆಗೆ ಮೂರೂವರೆ ಹೋಗಲು, ಆಟಕ್ಕೆ ಉಳಿದುದು ಎಂಟೂವರೆ ಕಿಲೊಬೈಟು, ಸರಿಯಾಗಿ ಹೇಳುವುದಾದರೆ 8704 ಬೈಟುಗಳು. ಇಷ್ಟರೊಳಗೆ ಆಟದ ನಿಯಮಗಳು, ಆಕೃತಿಗಳು, ಧ್ವನಿ, ಅಂಕಗಳ ಪಟ್ಟಿ ಎಲ್ಲವೂ ಅಡಕವಾಗಬೇಕು. ಈ ಸಂಚಿಕೆಯ ಈ ಒಂದು ಲೇಖನವನ್ನು ಇಂದು ಗಣಕದಲ್ಲಿ ಸೇರಿಸಿದರೆ ಅದಕ್ಕಿಂತ ಹೆಚ್ಚಿನ ಜಾಗ ಬೇಕಾಗುತ್ತದೆ. ಏಕಾರ್ನಿನ ಅಂಗವಾದ ಏಕಾರ್ನ್‌ಸಾಫ್ಟ್ 1982ರಲ್ಲಿ ಪ್ರಕಟಿಸಿದ 'ಪ್ಲಾನೆಟಾಯ್ಡ್' ಈ ಯಂತ್ರದ ಬಲವನ್ನು ಚೆನ್ನಾಗಿ ದುಡಿಸಿಕೊಂಡ ಆಟ. ಅಮೆರಿಕದ ವಿಲಿಯಮ್ಸ್ ಸಂಸ್ಥೆಯ 'ಡಿಫೆಂಡರ್' ಅದರ ಮೂಲ. ಮೂಲದಲ್ಲಿ ಒಂದು ಹಿಡಿಕೆಯೂ ಐದು ಗುಂಡಿಗಳೂ ಇದ್ದುವು, ಮನೆಯಲ್ಲಿ ಕೀಲಿಮಣೆಯೊಂದೇ. ಆದರೂ ಮೂಲದ ಧಾವಂತ ಅದರಲ್ಲಿ ಉಳಿಯಿತು.

ಇಷ್ಟು ಹೇಳಿದ ಮೇಲೆ ಈ ರೂಪಾಂತರಕಾರರ ಮುಂದೆ ಮೂಲಪ್ರತಿಯಿತ್ತೆ ಎಂಬ ಪ್ರಶ್ನೆ ಏಳುತ್ತದೆ. ಅಧಿಕೃತವಾಗಿ ಹಕ್ಕು ಕೊಂಡ ಸಂದರ್ಭಗಳಲ್ಲಿಯೂ ಮೂಲದ ಬರೆವಣಿಗೆ ಕೈಗೆ ಬರುವುದು ಅಪರೂಪವಾಗಿತ್ತು. ಯಂತ್ರವನ್ನೇ ತರಿಸಿ, ಆಡಿ ಆಡಿ, ವಿಡಿಯೊ ಟೇಪಿನಲ್ಲಿ ಹಿಡಿದು, ನಿಲ್ಲಿಸಿ ನಿಲ್ಲಿಸಿ ನೋಡಿ, ಒಳಗಿನ ನಿಯಮವನ್ನು ಹೊರಗಿನ ನಡತೆಯಿಂದ ಊಹಿಸಬೇಕಾಗಿತ್ತು. ಆಗ ಆಕಸ್ಮಿಕವಾವುದು, ಉದ್ದಿಷ್ಟವಾವುದು ಎಂಬ ವಿವೇಚನೆ ಬೇಕಾಗುತ್ತದೆ. 1978ರ 'ಸ್ಪೇಸ್ ಇನ್‌ವೇಡರ್ಸ್' ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ 55 ಶತ್ರುಗಳು ಸಾಲುಗಟ್ಟಿ ಇಳಿದು ಬರುತ್ತಾರೆ. ಯಂತ್ರವು ಒಂದು ಆವರ್ತಕ್ಕೆ ಒಬ್ಬನನ್ನು ಮಾತ್ರ ಸರಿಸಬಲ್ಲುದು. ಆದ್ದರಿಂದ ಇಡಿಯ ಪಡೆ ಒಂದು ಹೆಜ್ಜೆ ಇಡಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಶತ್ರುಗಳು ಸತ್ತಂತೆಲ್ಲ ಉಳಿದವರ ಸರದಿ ಬೇಗಬೇಗ ಬರುತ್ತದೆ, ಕೊನೆಯವನು ಓಡತೊಡಗುತ್ತಾನೆ. ಯಂತ್ರದ ದೌರ್ಬಲ್ಯದಿಂದ ಹುಟ್ಟಿದ ಈ ಗುಣವೇ ಆಟದ ಜೀವವಾಯಿತು. ಯಂತ್ರ ಬದಲಾದಾಗ ಆ ದೌರ್ಬಲ್ಯವನ್ನು ಬೇಕೆಂದೇ ಮತ್ತೆ ಕಟ್ಟಿಕೊಡಬೇಕು. ಇಲ್ಲವಾದರೆ ಆಕಾರ ಬಂದೀತು, ಆಟ ಬಾರದು. ಬ್ರಿಟನ್ನಿನ ದೂರದರ್ಶನದ ಆವರ್ತ ಸೆಕೆಂಡಿಗೆ 50, ನಾಣ್ಯಯಂತ್ರದ್ದು 60 ಎಂಬುದನ್ನು ಲಕ್ಷಿಸದೆ ಆವರ್ತಗಳನ್ನೇ ಎಣಿಸಿಕೊಂಡು ಹೋದ ರೂಪಾಂತರವು ಆರರಲ್ಲೊಂದು ಪಾಲು ನಿಧಾನವಾಗಿಯೂ ಬಿಡುತ್ತಿತ್ತು.

ಹಕ್ಕಿನ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಮೊದಲ ವರ್ಷಗಳಲ್ಲಿ ಅನುಮತಿ ಕೇಳುವ ವಾಡಿಕೆಯೇ ಇರಲಿಲ್ಲ. ಏಕಾರ್ನ್‌ಸಾಫ್ಟಿನ 'ಸ್ನ್ಯಾಪರ್' ಪ್ಯಾಕ್‌ಮ್ಯಾನನ್ನು ಅತಿಯಾಗಿ ಹೋಲುತ್ತಿದ್ದುದರಿಂದ ಅದರ ಆಕೃತಿಗಳನ್ನು ತಿದ್ದಿ ಮತ್ತೆ ಪ್ರಕಟಿಸಬೇಕಾಯಿತು. ಮ್ಯಾಂಚೆಸ್ಟರಿನ ಓಷನ್ ಸಂಸ್ಥೆಯು 1983ರಲ್ಲಿ ಅನುಮತಿಯಿಲ್ಲದೆ 'ಕಾಂಗ್' ಎಂಬ ಆಟವನ್ನು ಮಾರಿ, 1986ರಲ್ಲಿ ಅದರ ಮೂಲವಾದ 'ಡಾಂಕಿ ಕಾಂಗ್' ಆಟವನ್ನು ಹಕ್ಕು ಪಡೆದು ಪ್ರಕಟಿಸಿತು. ಈ ಎರಡರ ನಡುವೆ, 1985ರಲ್ಲಿ, ಬ್ರಿಟನ್ನಿನ ಶಾಸನವು ಗಣಕದ ಪ್ರೋಗ್ರಾಮನ್ನು ಸಾಹಿತ್ಯಕೃತಿಯಂತೆಯೇ ರಕ್ಷಣೆಗೆ ಅರ್ಹವೆಂದು ಸ್ಪಷ್ಟಪಡಿಸಿತು. ಸಾಹಿತ್ಯದ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಹಕ್ಕು ಬಂದ ಮೇಲೆ ಹಣವೂ ಅವಸರವೂ ಬಂದುವು. ಅಷ್ಟು ಹೊತ್ತಿಗೆ ನಾಣ್ಯಯಂತ್ರಗಳು ಬಹಳ ಮುಂದೆ ಸಾಗಿದ್ದುವು. 1986ರ ಸೆಗಾ ಸಂಸ್ಥೆಯ 'ಔಟ್ ರನ್' ಎಂಬ ಕಾರಿನ ಆಟದಲ್ಲಿ 68000 ಜಾತಿಯ ಸಂಸ್ಕಾರಕಗಳು ಎರಡಿದ್ದುವು. ಮರುವರ್ಷ ಅದರ ಮನೆಯ ರೂಪವನ್ನು ಪ್ರಕಟಿಸಿದ ಯು.ಎಸ್. ಗೋಲ್ಡ್ ಸಂಸ್ಥೆ ಆಟದೊಂದಿಗೆ ಮೂಲದ ಸಂಗೀತವನ್ನು ಮುದ್ರಿಸಿದ ಕ್ಯಾಸೆಟ್ಟೊಂದನ್ನು ಬೇರೆಯಾಗಿ ಇಟ್ಟು ಕೊಟ್ಟಿತು. ಗಣಕವು ಆಡಲಾರದ ಹಾಡನ್ನು ಟೇಪ್‌ರೆಕಾರ್ಡರ್ ಆಡಲಿ ಎಂಬುದು ತಾತ್ಪರ್ಯ. ಇದನ್ನು ಸೋಲಿನ ಒಪ್ಪಿಗೆಯೆಂದು ನಗುವವರುಂಟು. ನಮಗೆ ಇದರಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಕಾಣುತ್ತದೆ. ಪೆಟ್ಟಿಗೆಯ ಮೇಲೆ ನಾಣ್ಯಯಂತ್ರದ ತೆರೆಯ ಚಿತ್ರಗಳನ್ನು ಅಚ್ಚುಹಾಕಿ ಒಳಗೆ ಬೇರೊಂದನ್ನಿಟ್ಟು ಮಾರುತ್ತಿದ್ದ ಅಂದಿನ ರೂಢಿಗಿಂತ ಅದು ಮೇಲು.

ಸ್ಪೆಕ್ಟ್ರಮ್ಮಿನ ಎರಡು ರೂಪಾಂತರಗಳನ್ನು ಹೋಲಿಸಿದರೆ ವಿಷಯ ತಿಳಿಯಾಗುತ್ತದೆ. 1988ರಲ್ಲಿ ಬಾಬ್ ಪೇಪ್ ರಚಿಸಿದ 'ಆರ್-ಟೈಪ್' ಬಣ್ಣವನ್ನು ಬಿಟ್ಟುಕೊಡಲಿಲ್ಲ. ಚೌಕಕ್ಕೆ ಎರಡೇ ಬಣ್ಣಗಳೆಂಬ ಕಟ್ಟಿನೊಳಗೇ ಆಕೃತಿಗಳನ್ನು ಜಾಣತನದಿಂದ ಹೊಂದಿಸಿ, ತೆರೆಯನ್ನೂ ಸರಿಸಿ ತೋರಿಸಿದರು. ಆ ಕೆಲಸದ ಕಷ್ಟಗಳನ್ನು ಅವರೇ ಮುಂದೆ ಒಂದು ಪುಸ್ತಕವಾಗಿ ಬರೆದಿದ್ದಾರೆ. ಇಂಥ ಕಸುಬಿನ ಬಗೆಗೆ ಕಸುಬುದಾರನೇ ಬರೆದ ಗ್ರಂಥಗಳು ವಿರಳ. 1989ರಲ್ಲಿ ಓಷನ್ ಪ್ರಕಟಿಸಿದ 'ಚೇಸ್ ಎಚ್.ಕ್ಯೂ.' ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅದು ರಸ್ತೆಯನ್ನೂ ಕಾರುಗಳನ್ನೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಬರೆದು, ಮೂಲದ ವೇಗವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿತು. ನಮ್ಮ ಅಭಿಪ್ರಾಯದಲ್ಲಿ ಎರಡೂ ಸಾರ್ಥಕ ರೂಪಾಂತರಗಳೇ. ಏಕೆಂದರೆ ತಾವು ಏನನ್ನು ಬಿಡುತ್ತಿದ್ದೇವೆಂಬುದು ಎರಡಕ್ಕೂ ತಿಳಿದಿತ್ತು. ಎಲ್ಲವನ್ನೂ ಅಷ್ಟಷ್ಟು ಹಿಡಿದಿಡಲು ಹೋಗಿ ಯಾವುದನ್ನೂ ದಕ್ಕಿಸಿಕೊಳ್ಳದ ಆಟಗಳು ಬಹಳ.

ಕೋಲಾರದ ಚಿನ್ನದ ಗಣಿಯ ಸೀಮೆಯವರಿಗೆ ವಿಶೇಷವಾಗಿ ರುಚಿಸಬಹುದಾದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ನೆಲವನ್ನು ಅಗೆಯುವ ಆಟಗಳದೇ ಒಂದು ಪಂಗಡವಿದೆ. 1982ರಲ್ಲಿ ನಾಮ್ಕೊ ಸಂಸ್ಥೆಯ 'ಡಿಗ್ ಡಗ್' ನಾಣ್ಯಯಂತ್ರವಾಗಿ ಬಂದಿತು. ಅದರಲ್ಲಿ ಆಟಗಾರನು ಮಣ್ಣನ್ನು ಕೊರೆದುಕೊಂಡು ಹೋಗಿ, ಬಂಡೆಯ ಕೆಳಗಿನ ಆಸರೆಯನ್ನು ತೆಗೆದು ಶತ್ರುವಿನ ಮೇಲೆ ಬೀಳಿಸಬೇಕು. 1983ರಲ್ಲಿ ಮ್ಯಾಥ್ಯೂ ಸ್ಮಿತ್ ಎಂಬ ತರುಣನು ಸ್ಪೆಕ್ಟ್ರಮ್ಮಿಗೆ ಬರೆದ 'ಮ್ಯಾನಿಕ್ ಮೈನರ್' ಯಾವ ನಾಣ್ಯಯಂತ್ರದ ರೂಪಾಂತರವೂ ಅಲ್ಲ. ಅಮೆರಿಕದ 'ಮೈನರ್ 2049ಅರ್' ಎಂಬ ಮನೆಗಣಕದ ಆಟದಿಂದ ಸ್ಫೂರ್ತಿ ಪಡೆದದ್ದು. ಅದರಲ್ಲಿ 20 ಗವಿಗಳು. ತೆರೆಯ ಕೆಳಗೆ ಒಂದು ಪಟ್ಟಿ ಸದಾ ಕುಗ್ಗುತ್ತಿರುತ್ತದೆ. ಅದು ಗಣಿಗಾರನಿಗೆ ಉಳಿದಿರುವ ಗಾಳಿ. ಮೂರು ಕಿಲೊಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿಯನ್ನು ಮೀರುತ್ತಿತ್ತು. ಗಾಳಿಯನ್ನು ತಂಪು ಮಾಡಿ ಒಳಗೆ ಕಳುಹದೆ ಅಲ್ಲಿ ಕೆಲಸ ಸಾಧ್ಯವಿರಲಿಲ್ಲ. ಲಂಡನ್ನಿನ ಜಾನ್ ಟೇಲರ್ ಸಂಸ್ಥೆ 1880ರಲ್ಲಿ ಹಿಡಿದ ಕೆಲಸ, 1956ರಲ್ಲಿ ಸರ್ಕಾರದ ಕೈಗೆ ಬಂದು, 2001ರ ಫೆಬ್ರವರಿಯಲ್ಲಿ ನಿಂತುಹೋಯಿತು. ಷಾಫ್ಟಿಗೆ ಇಳಿದವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಆ ಕುಗ್ಗುವ ಪಟ್ಟಿಯನ್ನು ತೋರಿಸಿದಾಗ ಅವರು ನಗುವುದಿಲ್ಲ. 1984ರ 'ಬೋಲ್ಡರ್ ಡ್ಯಾಷ್' ಆಟದಲ್ಲಿ ಮಣ್ಣು ತೆಗೆದೊಡನೆ ಮೇಲಿನ ಬಂಡೆ ಉರುಳುವುದನ್ನು ಕಂಡಾಗ ಅವರಲ್ಲೊಬ್ಬರು ರಾಕ್‌ಬರ್ಸ್ಟಿನ ಮಾತೆತ್ತಿದರು. ಆಟದ ಬಂಡೆಯು ತನ್ನ ತೂಕದಿಂದ ಬೀಳುತ್ತದೆ. ಗಣಿಯ ಬಂಡೆಯು ಸುತ್ತಣ ಒತ್ತಡದಿಂದ ಸಿಡಿಯುತ್ತದೆ. ಎರಡೂ ಒಂದೇ ಅಲ್ಲವೆಂಬುದನ್ನು ಮನೆಯಲ್ಲಿ ಕೇಳಿ ತಿಳಿದಿದ್ದ ಆ ವಿದ್ಯಾರ್ಥಿಯೇ ನಮಗೆ ವಿವರಿಸಿ ಹೇಳಿದುದು. ಬೋಲ್ಡರ್ ಡ್ಯಾಷಿನ ಇನ್ನೊಂದು ವಿಶೇಷವೆಂದರೆ ಅದು ಮನೆಯ ಗಣಕದಲ್ಲಿ ಮೊದಲು ಹುಟ್ಟಿ, ಆಮೇಲೆ ನಾಣ್ಯಯಂತ್ರಕ್ಕೆ ಏರಿದುದು. ಚಿಕ್ಕ ಹಳಿಯ ಸರಕು ದೊಡ್ಡ ಗಾಡಿಗೆ ಬಂದದ್ದೂ ಉಂಟು.

ಇನ್ನು ಈ ಕೃತಿಗಳು ಉಳಿಯುವ ಬಗೆ. ಅವು ಮಾರಾಟವಾದುದು ಬಹುತೇಕ ಸಾಮಾನ್ಯ ಕ್ಯಾಸೆಟ್ಟುಗಳಲ್ಲಿ. ಸ್ಪೆಕ್ಟ್ರಮ್ಮು ಸೆಕೆಂಡಿಗೆ ಸರಾಸರಿ 1500 ಬಿಟ್ಟುಗಳನ್ನು ಓದುತ್ತಿತ್ತು. ಆ ಲೆಕ್ಕದಲ್ಲಿ 48 ಕಿಲೊಬೈಟು ತುಂಬಲು ನಾಲ್ಕೂಕಾಲು ನಿಮಿಷಕ್ಕೆ ಮಿಕ್ಕಿ ಬೇಕು. ಬಿಬಿಸಿ ಮೈಕ್ರೊವಿನ ಟೇಪಿನಲ್ಲಿ ಸೊನ್ನೆಯನ್ನು 1200 ಆವರ್ತದ ಧ್ವನಿಯ ಒಂದು ಅಲೆಯಾಗಿಯೂ, ಒಂದನ್ನು 2400 ಆವರ್ತದ ಎರಡು ಅಲೆಗಳಾಗಿಯೂ ಬರೆದಿರುತ್ತದೆ. ಪಟ್ಟಿಯ ಮೇಲಿನ ಕಾಂತೀಯ ಪುಡಿ ವರ್ಷ ಕಳೆದಂತೆ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಆಸಕ್ತರು ಮಾರಾಟದ ಆಟಗಳಲ್ಲಿ ಹೆಚ್ಚಿನವನ್ನು ಪ್ರತಿಮಾಡಿ ಇಟ್ಟಿದ್ದಾರೆ. ಆದರೆ ನಮ್ಮ ಶಾಲೆಗಳ ಯಂತ್ರಗಳಲ್ಲಿ ಮಕ್ಕಳೂ ಉಪಾಧ್ಯಾಯರೂ ತಾವೇ ಬರೆದುಕೊಂಡ ಪಾಠಗಳು ಮತ್ತು ಆಟಗಳು ಯಾವ ಪಟ್ಟಿಯಲ್ಲಿಯೂ ಸೇರಿಲ್ಲ. ಅಂಥ ಕ್ಯಾಸೆಟ್ಟಿನ ಮೇಲೆ ಯಾವ ಹೆಸರೂ ಇರದಿರಬಹುದು, ಅಥವಾ ಚಲನಚಿತ್ರದ ಹಾಡಿನ ಚೀಟಿಯೇ ಅಂಟಿಕೊಂಡಿರಬಹುದು. ಹಾಕಿ ಕೇಳಿದರೆ ಹಾಡಿನ ಬದಲು ಕರ್ಕಶವಾದ ಕಿರುಚು ಬರುತ್ತದೆ.

ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಊರಿಗಾಂ ಕಡೆಯ ವಾಚಕರ ಮನೆಗಳಲ್ಲಿ ಅಥವಾ ಅವರು ಬಲ್ಲ ಶಾಲೆಗಳ ಉಗ್ರಾಣಗಳಲ್ಲಿ ಇಂಥವು ಇದ್ದರೆ ದಯವಿಟ್ಟು ಗುಜರಿಗೆ ಹಾಕಬಾರದೆಂದು ಬೇಡುತ್ತೇವೆ. ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಪರೀಕ್ಷಿಸುವುದೂ ಬೇಡ. ತಲೆಗೆ ಅಂಟಿದ ಕೊಳೆಯು ಪಟ್ಟಿಯನ್ನು ಕೆರೆದೀತು, ಸಡಿಲಗೊಂಡ ರಬ್ಬರಿನ ಪಟ್ಟೆ ಅದನ್ನು ಸುತ್ತಿಕೊಂಡು ಹರಿದೀತು. ಒಣಗಿದ ಡಬ್ಬಿಯಲ್ಲಿ, ಬಿಸಿಲಿಗೂ ಧ್ವನಿವರ್ಧಕದ ಅಯಸ್ಕಾಂತಕ್ಕೂ ದೂರವಾಗಿ ಇಟ್ಟು ವಿಭಾಗಕ್ಕೆ ತಿಳಿಸಿದರೆ ಸಾಕು. ಶುದ್ಧ ಮಾಡಿದ ಯಂತ್ರದಲ್ಲಿ ಒಮ್ಮೆ ಮಾತ್ರ ಓಡಿಸಿ, ಧ್ವನಿಯನ್ನು ಸೆಕೆಂಡಿಗೆ 44,100 ಮಾದರಿಗಳಂತೆ ಹಿಡಿದಿಟ್ಟುಕೊಂಡರೆ, ಅಲೆಗಳನ್ನು ಎಣಿಸಿ ಬೈಟುಗಳನ್ನು ಪಡೆಯುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡಿಕೊಳ್ಳಬಹುದು. ಕ್ಯಾಸೆಟ್ಟನ್ನು ಕೊಟ್ಟವರಿಗೇ ಹಿಂದಿರುಗಿಸಲಾಗುವುದು.